ಆಟದ ಅಂಗಳದ ಸಂತ: ಜಾನ್ ಬೋಸ್ಕೊರವರ ಜೀವನ ಮತ್ತು ಮಕ್ಕಳ ರಕ್ಷಣೆಯ ಪಾಠ

ಪ್ರತಿ ವರ್ಷ ಜನವರಿ 31ರಂದು ಧರ್ಮಸಭೆ ಸಂತ ಜಾನ್ ಬೋಸ್ಕೊರವರ ಹಬ್ಬವನ್ನು ಆಚರಿಸುತ್ತದೆ. ಕರಾವಳಿಯ ನಮಗೆ ಈ ಹೆಸರು ಹೊಸದೇನಲ್ಲ. ಮಂಗಳೂರಿನಲ್ಲಿ ಡೊನ್ ಬೊಸ್ಕೊ ಹಾಲ್ ಎಂದರೆ ಸಾಕು, ಹಿರಿಯರಿಗೆ ಕೊಂಕಣಿ ನಾಟಕಗಳು ನೆನಪಾಗುತ್ತವೆ. ಶಾಲೆಗಳಿಗೆ, ಯುವಕ ಸಂಘಗಳಿಗೆ, ಆಟದ ತಂಡಗಳಿಗೆ ಅವರ ಹೆಸರಿಟ್ಟವರು ಬಹಳ ಮಂದಿ. ಮಕ್ಕಳನ್ನು ಸುತ್ತಲೂ ನಿಲ್ಲಿಸಿಕೊಂಡು ನಗುತ್ತಿರುವ ಕಪ್ಪು ನಿಲುವಂಗಿಯ ಗುರುವಿನ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ.

ಆದರೆ ಆ ನಗುಮುಖದ ಗುರು ಮಕ್ಕಳೊಂದಿಗೆ ಕೆಲಸ ಮಾಡುವ ದೊಡ್ಡವರಿಗಾಗಿ ಬಹಳ ಕಟ್ಟುನಿಟ್ಟಾದ ನಿಯಮಗಳನ್ನು ಬರೆದಿಟ್ಟಿದ್ದರು ಎಂಬುದು ಅಷ್ಟಾಗಿ ತಿಳಿದಿಲ್ಲ. ಇಂದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಭಾನುವಾರದ ಧರ್ಮೋಪದೇಶ ತರಗತಿಯ ನಂತರ ಮಕ್ಕಳು ಫುಟ್ಬಾಲ್ ಆಡುತ್ತಾರೆ. ಬೇಸಗೆ ರಜೆಯಲ್ಲಿ ತರಬೇತಿ ಶಿಬಿರಗಳು ನಡೆಯುತ್ತವೆ. ಇಂಥ ಕಡೆ ಮಕ್ಕಳ ರಕ್ಷಣೆಗೆ ಲಿಖಿತ ನಿಯಮಗಳು ಬೇಕು ಎಂದೊಡನೆ ಕೆಲವರ ಮುಖ ಸಣ್ಣದಾಗುತ್ತದೆ. ನಮ್ಮವರ ಮೇಲೆಯೇ ಸಂಶಯವೇ, ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂಬ ಮಾತು ಸಭೆಗಳಲ್ಲಿ ಬರುತ್ತದೆ. ಹೀಗೆ ಕೇಳುವವರು ಕೆಟ್ಟವರಲ್ಲ. ಹೆಚ್ಚಿನವರು ವರ್ಷಗಟ್ಟಲೆ ಸಂಬಳವಿಲ್ಲದೆ ಮಕ್ಕಳಿಗಾಗಿ ದುಡಿದವರು. ಅವರ ಪ್ರಶ್ನೆಗೆ ಉತ್ತರವನ್ನು ಈ ಸಂತರ ಜೀವನದಲ್ಲಿಯೇ ಹುಡುಕೋಣ.

ತಂದೆಯಿಲ್ಲದ ಬಾಲ್ಯ

ಜಾನ್ ಬೋಸ್ಕೊ ಹುಟ್ಟಿದ್ದು 1815ರ ಆಗಸ್ಟ್ 16ರಂದು, ಇಟಲಿಯ ಪಿಯೆಮೊಂತೆ ಪ್ರಾಂತದ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ಫ್ರಾನ್ಸಿಸ್ ಬೇಸಾಯಗಾರ. 1817ರಲ್ಲಿ ಅವರು ನ್ಯುಮೋನಿಯಾದಿಂದ ತೀರಿಕೊಂಡಾಗ ಜಾನ್‌ಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ತಾಯಿ ಮಾರ್ಗರೇಟ್ ಓದುಬರಹ ಬಾರದ ಹೆಂಗಸು. ವಯಸ್ಸಾದ ಅತ್ತೆ, ಗಂಡನ ಮೊದಲ ಮದುವೆಯ ಮಗ ಅಂತೋನಿ ಹಾಗೂ ತನ್ನ ಇಬ್ಬರು ಮಕ್ಕಳಾದ ಜೋಸೆಫ್ ಮತ್ತು ಜಾನ್, ಇವರೆಲ್ಲರ ಹೊಣೆ ಅವರೊಬ್ಬರ ಮೇಲೆ ಬಿತ್ತು. ಬರಗಾಲದ ದಿನಗಳಲ್ಲೂ ಆ ತಾಯಿ ಸಂಸಾರವನ್ನು ಮುಳುಗಲು ಬಿಡಲಿಲ್ಲ.

ಸುಮಾರು ಒಂಬತ್ತನೆಯ ವಯಸ್ಸಿನಲ್ಲಿ ಜಾನ್ ಒಂದು ಕನಸು ಕಂಡರು. ಮನೆಯ ಹತ್ತಿರದ ಅಂಗಳದಲ್ಲಿ ಹುಡುಗರ ಗುಂಪು ಆಡುತ್ತ, ಕೆಟ್ಟ ಮಾತಾಡುತ್ತ, ಜಗಳವಾಡುತ್ತ ಇತ್ತು. ಜಾನ್ ಅವರ ಮೇಲೆ ಹಾರಿ ಗುದ್ದಲು ಆರಂಭಿಸಿದರು. ಆಗ ಘನವಾದ ಒಬ್ಬ ವ್ಯಕ್ತಿ ಕಾಣಿಸಿಕೊಂಡು, ಹೊಡೆತದಿಂದಲ್ಲ, ಸೌಮ್ಯತೆಯಿಂದ ಇವರನ್ನು ಗೆಲ್ಲಬೇಕು ಎಂದು ತಿಳಿಸಿದರು. ಹುಡುಗರಿದ್ದ ಜಾಗದಲ್ಲಿ ಕಾಡುಮೃಗಗಳು ಕಂಡವು, ನಂತರ ಅವು ಕುರಿಮರಿಗಳಾದವು. ಈ ಕನಸಿನ ಅರ್ಥ ಜಾನ್‌ಗೆ ಅಂದು ತಿಳಿಯಲಿಲ್ಲ. ಆದರೆ ಮಗುವಿಗೆ ಕೈ ಮಾಡಬಾರದು ಎಂಬ ಪಾಠ ಅವರ ಮನಸ್ಸಿನಲ್ಲಿ ಆಗಲೇ ಕುಳಿತಿತ್ತು.

ಊರಿಗೆ ಬರುತ್ತಿದ್ದ ಜಾದೂಗಾರರನ್ನು, ದೊಂಬರಾಟದವರನ್ನು ನೋಡಿ ಜಾನ್ ಹಗ್ಗದ ಮೇಲೆ ನಡೆಯುವುದು, ಲಾಗ ಹಾಕುವುದು, ಕೈಚಳಕ ತೋರಿಸುವುದು ಎಲ್ಲವನ್ನೂ ಕಲಿತರು. ಭಾನುವಾರ ಎರಡು ಮರಗಳ ನಡುವೆ ಹಗ್ಗ ಕಟ್ಟಿ ಊರಿನವರಿಗೆ ಆಟ ತೋರಿಸುತ್ತಿದ್ದರು. ಇದಕ್ಕೆ ಟಿಕೆಟ್ ಇರಲಿಲ್ಲ. ನಡುವೆ ಎಲ್ಲರೂ ಸೇರಿ ಜಪಸರ ಮಾಡಬೇಕು, ಬೆಳಿಗ್ಗೆ ಚರ್ಚಿನಲ್ಲಿ ಕೇಳಿದ ಪ್ರಸಂಗವನ್ನು ಜಾನ್ ಹೇಳಿದಾಗ ಕೇಳಬೇಕು, ಅಷ್ಟೇ.

ಮನೆಯಲ್ಲಿ ಮಾತ್ರ ನೆಮ್ಮದಿ ಇರಲಿಲ್ಲ. ಹೊಲದ ಕೆಲಸ ಬಿಟ್ಟು ತಮ್ಮ ಪುಸ್ತಕ ಹಿಡಿಯುವುದು ಅಂತೋನಿಗೆ ಸೇರುತ್ತಿರಲಿಲ್ಲ. ಜಗಳ ಮಿತಿ ಮೀರಿದಾಗ, 1828ರ ಫೆಬ್ರವರಿಯ ಚಳಿಯಲ್ಲಿ, ತಾಯಿ ಕಣ್ಣೀರಿನಿಂದ ಹನ್ನೆರಡು ವರ್ಷದ ಮಗನನ್ನು ಕೆಲಸ ಹುಡುಕಲು ಹೊರಗೆ ಕಳುಹಿಸಬೇಕಾಯಿತು. ಮೋಲಿಯಾ ಎಂಬ ಕುಟುಂಬದ ಜಮೀನಿನಲ್ಲಿ ಸುಮಾರು ಎರಡು ವರ್ಷ ಜಾನ್ ಆಳಾಗಿ ದುಡಿದರು. ಪರರ ಮನೆಯಲ್ಲಿ ಪರರ ದಯೆಯಲ್ಲಿ ಬದುಕುವ ಮಗುವಿನ ಸ್ಥಿತಿ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. 1829ರಲ್ಲಿ ಕಲೊಸ್ಸೊ ಎಂಬ ವೃದ್ಧ ಗುರುಗಳು ಅವರನ್ನು ಮಗನಂತೆ ಕಂಡು ಪಾಠ ಹೇಳಿಕೊಡಲು ಆರಂಭಿಸಿದರು. ಮರುವರ್ಷವೇ ಆ ಗುರುಗಳು ತೀರಿಕೊಂಡರು. ಒಬ್ಬ ನಂಬಿಗಸ್ತ ಹಿರಿಯ ಸಿಕ್ಕರೆ ಮಗುವಿನ ಬದುಕು ಎಷ್ಟು ಬದಲಾಗುತ್ತದೆ, ಆತ ಇಲ್ಲವಾದರೆ ಎಷ್ಟು ಬರಿದಾಗುತ್ತದೆ ಎಂಬುದನ್ನು ಜಾನ್ ಹದಿನೈದರ ವಯಸ್ಸಿನಲ್ಲೇ ಕಂಡುಕೊಂಡರು.

ನಿಯಮಗಳಿದ್ದ ಸಂತೋಷ ಸಂಘ

1831ರಲ್ಲಿ ಅವರು ಕಿಯೇರಿ ಪಟ್ಟಣದ ಶಾಲೆಗೆ ಸೇರಿದರು. ಖರ್ಚಿಗಾಗಿ ಕಾಫಿ ಅಂಗಡಿಯಲ್ಲಿ ಕೆಲಸ ಮಾಡಿದರು, ಹೊಲಿಗೆ ಕಲಿತರು, ಸಿಕ್ಕಿದ ಮೂಲೆಯಲ್ಲಿ ಮಲಗಿ ಓದಿದರು. 1832ರಲ್ಲಿ ಸಹಪಾಠಿಗಳನ್ನು ಸೇರಿಸಿ ಸಂತೋಷ ಸಂಘ ಎಂಬ ಕೂಟವನ್ನು ಕಟ್ಟಿದರು. ಆಟ, ನಡಿಗೆ, ಹಾಡು, ಹರಟೆ ಎಲ್ಲವೂ ಅದರಲ್ಲಿ ಇತ್ತು. ಆದರೆ ಮೊದಲ ದಿನದಿಂದಲೇ ನಿಯಮಗಳೂ ಇದ್ದವು. ಒಳ್ಳೆಯ ಕ್ರೈಸ್ತನಿಗೆ ತಕ್ಕದ್ದಲ್ಲದ ಮಾತನ್ನೂ ನಡತೆಯನ್ನೂ ಸದಸ್ಯರು ಬಿಡಬೇಕು. ಶಾಲೆಯ ಕೆಲಸವನ್ನೂ ಧಾರ್ಮಿಕ ಕರ್ತವ್ಯವನ್ನೂ ತಪ್ಪದೆ ಮಾಡಬೇಕು. ಎಲ್ಲರೂ ಸಂತೋಷವಾಗಿರಬೇಕು.

ಹದಿನೇಳು ವರ್ಷದ ಹುಡುಗ ಕಟ್ಟಿದ ಈ ಸಂಘವನ್ನು ನಾವು ಗಮನಿಸಬೇಕು. ನಿಯಮ ಬಂದರೆ ಸಂತೋಷ ಹೋಗುತ್ತದೆ ಎಂದು ಜಾನ್ ತಿಳಿದಿರಲಿಲ್ಲ. ನಿಯಮ ಎಲ್ಲರಿಗೂ ಗೊತ್ತಿದ್ದರೆ ದುರ್ಬಲನಾದ ಹುಡುಗನೂ ಹೆದರಿಕೆಯಿಲ್ಲದೆ ಆಡಬಹುದು ಎಂಬುದು ಅವರ ತಿಳುವಳಿಕೆಯಾಗಿತ್ತು.

ಜೈಲಿನಲ್ಲಿ ಕಂಡ ಮಕ್ಕಳು, ಚರ್ಚಿನಲ್ಲಿ ಬಿದ್ದ ಏಟು

1835ರಲ್ಲಿ ಗುರುಮಠ ಸೇರಿದ ಜಾನ್ 1841ರ ಜೂನ್ 5ರಂದು ತೂರಿನ್ ನಗರದಲ್ಲಿ ಗುರುದೀಕ್ಷೆ ಪಡೆದರು. ಇಟಲಿಯಲ್ಲಿ ಗುರುಗಳನ್ನು ಡಾನ್ ಎಂದು ಕರೆಯುವ ವಾಡಿಕೆಯಿಂದ ಅವರು ಡಾನ್ ಬೋಸ್ಕೊ ಆದರು. ತೂರಿನ್ ಆಗ ಬೆಳೆಯುತ್ತಿದ್ದ ಪಟ್ಟಣ. ಕಟ್ಟಡ ಕೆಲಸಕ್ಕೆ, ಕಾರ್ಖಾನೆಗಳಿಗೆ ಹಳ್ಳಿಗಳಿಂದ ಹುಡುಗರು ಗುಂಪುಗುಂಪಾಗಿ ಬರುತ್ತಿದ್ದರು. ಅವರಿಗೆ ಮನೆಯಿಲ್ಲ, ಕೇಳುವವರಿಲ್ಲ. ಗುರುಗಳಾದ ಜೋಸೆಫ್ ಕಫಾಸೊ ಯುವ ಬೋಸ್ಕೊರವರನ್ನು ನಗರದ ಜೈಲುಗಳಿಗೆ ಕರೆದುಕೊಂಡು ಹೋದರು. ಹನ್ನೆರಡರಿಂದ ಹದಿನೆಂಟು ವರ್ಷದ ಆರೋಗ್ಯವಂತ ಹುಡುಗರು ಅಲ್ಲಿ ಹಸಿದು, ಹುಳ ಕಚ್ಚಿಸಿಕೊಂಡು ಬಿದ್ದಿದ್ದರು. ಬಿಡುಗಡೆಯಾದವರು ಮತ್ತೆ ಅಲ್ಲಿಗೇ ಬರುತ್ತಿದ್ದರು. ಹೊರಗೆ ಇವರನ್ನು ನೋಡಿಕೊಳ್ಳುವ ಒಬ್ಬ ಸ್ನೇಹಿತನಿದ್ದಿದ್ದರೆ ಇವರು ಇಲ್ಲಿಗೆ ಬರುತ್ತಿರಲಿಲ್ಲ ಎಂಬ ಯೋಚನೆ ಡಾನ್ ಬೋಸ್ಕೊರವರಲ್ಲಿ ಗಟ್ಟಿಯಾಯಿತು.

ಅದೇ ವರ್ಷದ ಡಿಸೆಂಬರ್ 8, ಮರಿಯಮಾತೆಯ ನಿಷ್ಕಳಂಕ ಗರ್ಭೋದ್ಭವದ ಹಬ್ಬ. ಸಂತ ಫ್ರಾನ್ಸಿಸ್ ಅಸ್ಸಿಸಿಯವರ ಚರ್ಚಿನಲ್ಲಿ ಬಲಿಪೂಜೆಗಾಗಿ ಡಾನ್ ಬೋಸ್ಕೊ ಪೂಜಾವಸ್ತ್ರ ಧರಿಸುತ್ತಿದ್ದರು. ಮೂಲೆಯಲ್ಲಿ ನಿಂತಿದ್ದ ಒಬ್ಬ ಹುಡುಗನನ್ನು ಚರ್ಚಿನ ಸೇವಕನು ಪೂಜೆಗೆ ಸಹಾಯ ಮಾಡಲು ಕರೆದನು. ತನಗೆ ಬರುವುದಿಲ್ಲ ಎಂದು ಹುಡುಗ ಹೇಳಿದಾಗ ಧೂಳು ಹೊಡೆಯುವ ಕೋಲಿನಿಂದಲೇ ಅವನಿಗೆ ಹೊಡೆದು ಹೊರಗಟ್ಟಿದನು. ಡಾನ್ ಬೋಸ್ಕೊ ಅದನ್ನು ನೋಡಿ ಸುಮ್ಮನಿರಲಿಲ್ಲ. ಆ ಹುಡುಗ ತನ್ನ ಸ್ನೇಹಿತ ಎಂದು ಹೇಳಿ ಸೇವಕನನ್ನು ಎಲ್ಲರೆದುರೇ ತಡೆದರು, ಹುಡುಗನನ್ನು ಮರಳಿ ಕರೆಸಿದರು. ಬಾರ್ತೊಲೊಮೆಯೊ ಗರೆಲ್ಲಿ ಎಂಬ ಹದಿನಾರು ವರ್ಷದ ಆ ಅನಾಥ ಹುಡುಗನಿಗೆ ಪೂಜೆಯ ನಂತರ ಅವರು ಶಿಲುಬೆಯ ಗುರುತು ಮಾಡಲು ಕಲಿಸಿದರು. ಮುಂದಿನ ವಾರ ಅವನು ಸ್ನೇಹಿತರನ್ನು ಕರೆತಂದನು. ಡಾನ್ ಬೋಸ್ಕೊರವರ ಇಡೀ ಸೇವೆಯ ಆರಂಭ ಇದೇ ಎಂದು ಅವರ ನೆನಪಿನ ಬರಹ ಹೇಳುತ್ತದೆ.

ಈ ಕಥೆಯನ್ನು ನಾವು ಪ್ರವಚನಗಳಲ್ಲಿ ಬಹಳ ಸಲ ಹೇಳಿದ್ದೇವೆ. ಆದರೆ ಒಂದು ಅಂಶವನ್ನು ದಾಟಿ ಹೋಗುತ್ತೇವೆ. ಆ ಮಗುವಿಗೆ ಏಟು ಬಿದ್ದದ್ದು ಬೀದಿಯಲ್ಲಲ್ಲ, ಚರ್ಚಿನ ಒಳಗೆ. ಹೊಡೆದವನು ಹೊರಗಿನವನಲ್ಲ, ಚರ್ಚಿನ ಕೆಲಸದವನು. ನಮ್ಮವನು ಎಂಬ ಕಾರಣಕ್ಕೆ ಡಾನ್ ಬೋಸ್ಕೊ ಅವನ ಪರ ನಿಲ್ಲಲಿಲ್ಲ. ಅವರು ಮಗುವಿನ ಪರ ನಿಂತರು.

ನೆಲೆಯಿಲ್ಲದ ಅಲೆದಾಟ

ಭಾನುವಾರ ಮತ್ತು ಹಬ್ಬದ ದಿನ ಹುಡುಗರು ಸೇರುವ ಈ ಕೂಟವನ್ನು ಒರೆಟರಿ ಎಂದು ಕರೆದರು. ಪೂಜೆ, ಪಾಪನಿವೇದನೆ, ಧರ್ಮೋಪದೇಶ, ನಂತರ ದಿನವಿಡೀ ಆಟ. ಸಂಖ್ಯೆ ನೂರು ದಾಟಿದಾಗ ಜಾಗದ ಕಷ್ಟ ಶುರುವಾಯಿತು. ಒಂದು ಸ್ಮಶಾನದ ಪಕ್ಕದ ಚರ್ಚಿನ ಅಂಗಳದಲ್ಲಿ ಆಡಿದಾಗ ಅಲ್ಲಿನ ಗುರುಗಳ ಮನೆಗೆಲಸದಾಕೆ ತನ್ನ ಕೋಳಿಗಳಿಗೆ ತೊಂದರೆಯಾಯಿತೆಂದು ರೇಗಿದಳು. ಹಿಟ್ಟಿನ ಗಿರಣಿಗಳ ಹತ್ತಿರ ಹೋದಾಗ ಗದ್ದಲದ ದೂರು ಬಂತು. ಬಾಡಿಗೆಗೆ ಹಿಡಿದ ಹುಲ್ಲುಗಾವಲಿನಿಂದಲೂ ಅವರನ್ನು ಎಬ್ಬಿಸಲಾಯಿತು. ಮೈದಾನವಿಲ್ಲದ ನಮ್ಮ ತಂಡಗಳಿಗೆ ಈ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ನಗರದ ಆಡಳಿತ ನೋಡುತ್ತಿದ್ದ ಮಾರ್ಕ್ವಿಸ್ ಕವೂರ್‌ರವರಿಗೆ ಇಷ್ಟು ಹುಡುಗರು ಒಟ್ಟು ಸೇರುವುದರ ಬಗ್ಗೆ ಸಂಶಯವಿತ್ತು. ಅವರು ಕಾವಲುಗಾರರನ್ನು ಕಳುಹಿಸಿ ನಿಗಾ ಇರಿಸಿದರು. ಡಾನ್ ಬೋಸ್ಕೊ ಇದನ್ನು ಅವಮಾನ ಎಂದು ಬಗೆದು ಬಾಗಿಲು ಹಾಕಿಕೊಳ್ಳಲಿಲ್ಲ. ಅಡಗಿಸುವಂಥದ್ದು ಏನೂ ಇರಲಿಲ್ಲ. ನೋಡಲು ಬಂದ ಕಾವಲುಗಾರರು ಹುಡುಗರ ನಡುವೆ ನಿಂತು ಪ್ರವಚನವನ್ನೂ ಕೇಳಿ ಹೋದರು. ಕೆಲವು ಗುರುಗಳಿಗೆ ಮಾತ್ರ ಡಾನ್ ಬೋಸ್ಕೊರವರ ತಲೆ ಕೆಟ್ಟಿದೆ ಎನಿಸಿ, ಅವರನ್ನು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯಲು ನೋಡಿದ ಪ್ರಸಂಗವೂ ಅವರ ಜೀವನಚರಿತ್ರೆಯಲ್ಲಿ ಬರುತ್ತದೆ.

1846ರ ಏಪ್ರಿಲ್ 12, ಪಾಸ್ಕ ಹಬ್ಬದ ದಿನ ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬವರ ಒಂದು ತಗ್ಗು ಕೊಟ್ಟಿಗೆ ಅವರಿಗೆ ದೊರಕಿತು. ಅದೇ ಪ್ರಾರ್ಥನಾಲಯವಾಯಿತು, ಸುತ್ತಲಿನ ಜಾಗ ಆಟದ ಅಂಗಳವಾಯಿತು. ಅದೇ ವರ್ಷ ಡಾನ್ ಬೋಸ್ಕೊ ಕಾಯಿಲೆ ಬಿದ್ದು ಸಾವಿನ ಅಂಚಿಗೆ ಹೋದರು; ಹುಡುಗರು ಉಪವಾಸ ಮಾಡಿ ಪ್ರಾರ್ಥಿಸಿದರು. ಗುಣಮುಖರಾದ ನಂತರ ನವೆಂಬರ್‌ನಲ್ಲಿ ಅವರು ತಾಯಿಯನ್ನು ಕರೆದುಕೊಂಡು ವಾಲ್ದೊಕ್ಕೊಗೆ ಬಂದರು. ಮಾರ್ಗರೇಟ್ ತಾಯಿ 1856ರಲ್ಲಿ ತೀರಿಕೊಳ್ಳುವವರೆಗೂ ಹತ್ತು ವರ್ಷ ಆ ಹುಡುಗರ ಬಟ್ಟೆ ಹೊಲಿದರು, ಅಡುಗೆ ಮಾಡಿದರು. ಗಂಡು ಹುಡುಗರಷ್ಟೇ ಇದ್ದ ಆ ಮನೆಯಲ್ಲಿ ಒಬ್ಬ ತಾಯಿಯ ಕಣ್ಣು ಸದಾ ಇತ್ತು.

ಕರಾರು ಪತ್ರದಲ್ಲಿ ಮಗುವಿನ ಹಕ್ಕು

ಆಗಿನ ತೂರಿನ್‌ನಲ್ಲಿ ಕೆಲಸ ಕಲಿಯುವ ಹುಡುಗನು ಯಜಮಾನನ ಕೈಯಲ್ಲಿ ಪೂರ್ತಿ ಸಿಕ್ಕಿಬೀಳುತ್ತಿದ್ದನು. ಹೊಡೆಯುವುದು, ಮನೆಗೆಲಸಕ್ಕೆ ಹಚ್ಚುವುದು, ಭಾನುವಾರವೂ ದುಡಿಸುವುದು ಸಾಮಾನ್ಯವಾಗಿತ್ತು. ಡಾನ್ ಬೋಸ್ಕೊ ಬೈದು ಸುಮ್ಮನಾಗಲಿಲ್ಲ, ಬರವಣಿಗೆಗೆ ಇಳಿದರು. 1851 ಮತ್ತು 1852ರಲ್ಲಿ ಅವರು ಯಜಮಾನರೊಂದಿಗೆ ಮಾಡಿಸಿದ ಕರಾರು ಪತ್ರಗಳು ಇಂದಿಗೂ ಉಳಿದಿವೆ. 1852ರ ಫೆಬ್ರವರಿ 8ರ ಒಂದು ಪತ್ರ ಬಡಗಿ ಕೆಲಸ ಕಲಿಯುವ ಹುಡುಗನಿಗೆ ಸಂಬಂಧಿಸಿದ್ದು. ಯಜಮಾನನು ಹುಡುಗನನ್ನು ಮಾತಿನಿಂದ ಮಾತ್ರ ತಿದ್ದಬೇಕು, ಹೊಡೆಯಕೂಡದು. ವಯಸ್ಸಿಗೂ ಶಕ್ತಿಗೂ ತಕ್ಕ ಕೆಲಸ ಮಾತ್ರ ಕೊಡಬೇಕು. ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು. ಹುಡುಗನೂ ವಿಧೇಯನಾಗಿ, ಶ್ರದ್ಧೆಯಿಂದ ಕಲಿಯಬೇಕು. ಇದಕ್ಕೆ ಯಜಮಾನ, ಹುಡುಗ, ಹುಡುಗನ ತಂದೆ, ಡಾನ್ ಬೋಸ್ಕೊ ಎಲ್ಲರೂ ಸಹಿ ಹಾಕಿದರು.

ಬಾಯಿಮಾತಿನ ಭರವಸೆಯನ್ನು ಸಹಿಯಿರುವ ಕಾಗದವನ್ನಾಗಿ ಮಾಡಿದ್ದು ಅವರ ದೊಡ್ಡ ಕೆಲಸ. ಬಡಗಿಯ ಮೇಲೆ ಅವರಿಗೆ ಸಂಶಯವಿತ್ತು ಎಂದಲ್ಲ. ಸಿಟ್ಟು ಬಂದ ದಿನ ಒಳ್ಳೆಯವನೂ ಕೈ ಎತ್ತುತ್ತಾನೆ, ಆ ದಿನ ಹುಡುಗನ ಪಾಲಿಗೆ ಆ ಕಾಗದ ಇರಬೇಕು ಎಂಬುದು ಅವರ ವಿವೇಕವಾಗಿತ್ತು. 1853ರಿಂದ ಅವರು ವಾಲ್ದೊಕ್ಕೊದಲ್ಲಿಯೇ ಚಮ್ಮಾರಿಕೆ, ಹೊಲಿಗೆ, ನಂತರ ಪುಸ್ತಕ ಕಟ್ಟುವುದು, ಬಡಗಿ ಕೆಲಸ, ಮುದ್ರಣ ಮುಂತಾದ ಕಾರ್ಯಾಗಾರಗಳನ್ನು ತೆರೆದರು.

ಅಲ್ಲಿ ಬೆಳೆದ ಹುಡುಗರಲ್ಲಿ ಡೊಮಿನಿಕ್ ಸಾವಿಯೊ ಮುಂದೆ ಸಂತರೆಂದು ಘೋಷಿತರಾದರು. ಮೈಕೆಲ್ ಮಗೋನೆ ಇನ್ನೊಂದು ಬಗೆಯ ಹುಡುಗ. 1857ರಲ್ಲಿ ಕಾರ್ಮಾನ್ಯೊಲ ರೈಲು ನಿಲ್ದಾಣದ ಬಳಿ ತುಂಟರ ಗುಂಪಿಗೆ ನಾಯಕನಾಗಿದ್ದ ಅವನನ್ನು ಡಾನ್ ಬೋಸ್ಕೊ ಕಂಡರು. ತಂದೆಯಿಲ್ಲದ, ಶಾಲೆಯಿಂದ ಹೊರಬಿದ್ದ ಹುಡುಗ. ಆದರೆ ಅವರು ಅವನನ್ನು ಅಲ್ಲಿಂದಲೇ ಕೈಹಿಡಿದು ಕರೆದೊಯ್ಯಲಿಲ್ಲ. ಊರಿನ ಗುರುಗಳಿಂದ ವಿವರ ತರಿಸಿಕೊಂಡು, ತಿಳಿದವರ ಮೂಲಕ ವಾಲ್ದೊಕ್ಕೊಗೆ ಸೇರಿಸಿಕೊಂಡರು. ಆಟದಲ್ಲಿ ಸದಾ ಮುಂದಿದ್ದ ಮೈಕೆಲ್ 1859ರ ಜನವರಿಯಲ್ಲಿ ಹದಿಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಜೀವನವನ್ನು ಡಾನ್ ಬೋಸ್ಕೊ ಸ್ವತಃ ಬರೆದರು.

ದೊಡ್ಡವರಿಗೆ ಬರೆದ ನಿಯಮಗಳು

1859ರ ಡಿಸೆಂಬರ್ 18ರಂದು ಡಾನ್ ಬೋಸ್ಕೊ ತಾವೇ ಬೆಳೆಸಿದ ಯುವಕರನ್ನು ಸೇರಿಸಿ ಸಲೇಸಿಯನ್ ಸಭೆಯನ್ನು ಸ್ಥಾಪಿಸಿದರು. ಸೌಮ್ಯತೆಗೆ ಹೆಸರಾದ ಸಂತ ಫ್ರಾನ್ಸಿಸ್ ದ ಸಾಲ್‌ರವರ ಹೆಸರನ್ನು ಅದಕ್ಕೆ ಇಟ್ಟರು. 1872ರಲ್ಲಿ ಸಂತ ಮೇರಿ ಮಜ್ಜರೆಲ್ಲೊರವರೊಡನೆ ಹೆಣ್ಣುಮಕ್ಕಳ ಸೇವೆಗಾಗಿ ಧರ್ಮಭಗಿನಿಯರ ಸಭೆಯನ್ನು ಸ್ಥಾಪಿಸಿದರು. 1875ರಲ್ಲಿ ಮೊದಲ ಮಿಶನರಿಗಳು ಅರ್ಜೆಂಟೀನಾಕ್ಕೆ ಹೊರಟರು. ಮನೆಗಳು ಹೆಚ್ಚಿದಂತೆ ತಾವು ಎಲ್ಲ ಕಡೆ ಇರಲಾರೆ ಎಂಬುದು ಡಾನ್ ಬೋಸ್ಕೊರವರಿಗೆ ಅರಿವಾಯಿತು. ತಮ್ಮ ಒಳ್ಳೆಯತನ ಮಾತ್ರ ಮಕ್ಕಳನ್ನು ಕಾಯಲಾರದು, ಪದ್ಧತಿ ಕಾಯಬೇಕು. 1877ರಲ್ಲಿ ಫ್ರಾನ್ಸಿನ ನೀಸ್ ನಗರದ ಮನೆಯ ಉದ್ಘಾಟನೆಯ ಸಂದರ್ಭದಲ್ಲಿ ಅವರು ತಮ್ಮ ಶಿಕ್ಷಣ ಪದ್ಧತಿಯನ್ನು ಚಿಕ್ಕದಾಗಿ ಬರೆದರು. ಅದೇ ವರ್ಷ ನಿಯಮಾವಳಿಗಳೂ ಮುದ್ರಣವಾದವು.

ಅವರ ಪ್ರಕಾರ ಮಕ್ಕಳನ್ನು ನಡೆಸಲು ಎರಡು ದಾರಿ. ಒಂದು, ನಿಯಮ ಹೇಳಿ ದೂರ ನಿಂತು, ತಪ್ಪಿದಾಗ ದಂಡಿಸುವುದು. ಇನ್ನೊಂದು, ನಿಯಮವನ್ನು ತಿಳಿಸಿ, ಜೊತೆಯಲ್ಲೇ ಇದ್ದು, ತಪ್ಪು ನಡೆಯದಂತೆ ಮೊದಲೇ ತಡೆಯುವುದು. ಅವರು ಎರಡನೆಯದನ್ನು ಆರಿಸಿದರು. ವಿವೇಕ, ಧರ್ಮ, ಅಕ್ಕರೆ ಈ ಮೂರರ ಮೇಲೆ ಅದು ನಿಂತಿದೆ. ಮಕ್ಕಳಿಗೆ ಓಡಲು, ಜಿಗಿಯಲು, ಮನಸ್ಸು ತುಂಬ ಗಲಾಟೆ ಮಾಡಲು ಧಾರಾಳ ಸ್ವಾತಂತ್ರ್ಯ ಇರಬೇಕು ಎಂದರು.

ಆದರೆ ದೊಡ್ಡವರಿಗೆ ಅಷ್ಟು ಸ್ವಾತಂತ್ರ್ಯ ಕೊಡಲಿಲ್ಲ. ಶಿಕ್ಷಕರು, ಕಾರ್ಯಾಗಾರದ ಮೇಸ್ತ್ರಿಗಳು, ಮೇಲ್ವಿಚಾರಕರು ಎಲ್ಲರೂ ನಡತೆ ತಿಳಿದವರೇ ಆಗಿರಬೇಕು. ಯಾವುದೇ ಮಗುವಿನೊಂದಿಗೆ ವಿಶೇಷವಾದ ಒಲವು, ಖಾಸಗಿ ಸಲುಗೆ ಬೆಳೆಸುವುದನ್ನು ಸಾಂಕ್ರಾಮಿಕ ರೋಗದಂತೆ ದೂರವಿಡಬೇಕು. ಒಬ್ಬನು ದಾರಿ ತಪ್ಪಿದರೂ ಇಡೀ ಸಂಸ್ಥೆ ಅಪಾಯಕ್ಕೆ ಸಿಲುಕುತ್ತದೆ. ಮಕ್ಕಳು ಸೇರುವ ಜಾಗಕ್ಕೆ ಮೇಲ್ವಿಚಾರಕನು ಮೊದಲು ಹೋಗಿರಬೇಕು, ಇನ್ನೊಬ್ಬನು ಬರುವವರೆಗೆ ಬಿಟ್ಟು ಹೋಗಬಾರದು. ಹೊಡೆಯುವುದು, ಕಿವಿ ಹಿಂಡುವುದು, ನೋವಾಗುವಂತೆ ಮೊಣಕಾಲೂರಿಸುವುದು ಸಂಪೂರ್ಣ ನಿಷಿದ್ಧ. ಇವು ಕಾನೂನಿಗೆ ವಿರುದ್ಧ, ಮಗುವನ್ನು ಕೆರಳಿಸುತ್ತವೆ, ಹೊಡೆದವನನ್ನೂ ಕೀಳಾಗಿಸುತ್ತವೆ ಎಂದು ಕಾರಣವನ್ನೂ ಕೊಟ್ಟರು. ತಿದ್ದುವಾಗ ಎಲ್ಲರೆದುರು ಅವಮಾನ ಮಾಡಬಾರದು.

ಆಟಕ್ಕೂ ನಿಯಮವಿತ್ತು. ಇಂದಿನ ಫುಟ್ಬಾಲ್ ಆಟಕ್ಕೆ ಮೂಲವಾದ ಸಾಮಾನ್ಯ ನಿಯಮಗಳು ಇಂಗ್ಲೆಂಡಿನಲ್ಲಿ ಬರಹಕ್ಕೆ ಇಳಿದದ್ದು 1863ರಲ್ಲಿ. ವಾಲ್ದೊಕ್ಕೊದ ಹುಡುಗರು ಹೆಚ್ಚಾಗಿ ಗುಂಪು ಕಟ್ಟಿ ಓಡುವ ಆಟ, ಮರಗಾಲು, ಉಯ್ಯಾಲೆ, ಗುಂಡು ಉರುಳಿಸುವ ಆಟ ಮುಂತಾದವನ್ನು ಆಡುತ್ತಿದ್ದರು. ಇದನ್ನು ನೋಡಿಕೊಳ್ಳಲೆಂದೇ ಕೆಲವರನ್ನು ನೇಮಿಸಲಾಗಿತ್ತು. ಆಟದ ಸಾಮಾನುಗಳಿಗೆ ಸಂಖ್ಯೆ ಹಾಕಿ ಲೆಕ್ಕ ಇಡುತ್ತಿದ್ದರು. ಮೈಗೆ ಅಪಾಯವಾಗುವ, ಇನ್ನೊಬ್ಬರಿಗೆ ಹಾನಿಯಾಗುವ ಆಟಗಳಿಗೆ ಅವಕಾಶವಿರಲಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮಕ್ಕಳನ್ನು ಪ್ರೀತಿಸಬೇಕು ಎನ್ನುವವರೇ ಸಲುಗೆ ಬೇಡ ಎಂದರೆ ಹೇಗೆ? ಡಾನ್ ಬೋಸ್ಕೊರವರ ಉತ್ತರ ಅವರ ಅಂಗಳದಲ್ಲಿ ಇತ್ತು. ಅವರು ಆಟದ ನಡುವೆ ಒಬ್ಬೊಬ್ಬ ಹುಡುಗನ ಕಿವಿಯಲ್ಲಿ ಒಂದು ಮಾತು ಹೇಳಿ ಹೋಗುತ್ತಿದ್ದರು. ಏನು ಹೇಳಿದರು ಎಂಬುದು ಆ ಹುಡುಗನಿಗೆ ಮಾತ್ರ ಗೊತ್ತು, ಆದರೆ ಹೇಳಿದ್ದನ್ನು ಅಂಗಳದಲ್ಲಿದ್ದ ಎಲ್ಲರೂ ನೋಡುತ್ತಿದ್ದರು. ಮಾತು ಖಾಸಗಿ, ಜಾಗ ಬಹಿರಂಗ. ಪ್ರೀತಿ ಇತ್ತು, ಮುಚ್ಚಿದ ಬಾಗಿಲು ಇರಲಿಲ್ಲ.

ರೋಮ್‌ನಿಂದ ಬಂದ ಪತ್ರ

ವಯಸ್ಸಾದ ಮೇಲೆ ಡಾನ್ ಬೋಸ್ಕೊರವರಿಗೆ ಕಾಲುಗಳು ಸಹಕರಿಸುತ್ತಿರಲಿಲ್ಲ, ಕಣ್ಣು ಮಂದವಾಗಿತ್ತು. ಚರ್ಚ್ ಕಟ್ಟುವ ಖರ್ಚಿಗಾಗಿ ಊರೂರು ಅಲೆಯುತ್ತಿದ್ದರು. 1884ರ ಮೇ 10ರಂದು ಅವರು ರೋಮ್‌ನಿಂದ ವಾಲ್ದೊಕ್ಕೊಗೆ ಒಂದು ಪತ್ರ ಕಳುಹಿಸಿದರು. ಅದರಲ್ಲಿ ತಾವು ಕಂಡ ಕನಸನ್ನು ವಿವರಿಸಿದರು. ಹಿಂದಿನ ಕಾಲದ ಅಂಗಳದಲ್ಲಿ ಗುರುಗಳೂ ಹುಡುಗರೂ ಒಟ್ಟಾಗಿ ಆಡುತ್ತಿದ್ದರು. ಈಗಿನ ಅಂಗಳದಲ್ಲಿ ಹುಡುಗರು ಬೇಸರದಿಂದ ಕಂಬಗಳಿಗೆ ಒರಗಿ ನಿಂತಿದ್ದಾರೆ, ಕೆಲವರು ಮರೆಗೆ ಸರಿದಿದ್ದಾರೆ, ಮೇಲ್ವಿಚಾರಕರು ತಮ್ಮತಮ್ಮಲ್ಲೇ ಮಾತಾಡುತ್ತ ಅಡ್ಡಾಡುತ್ತಿದ್ದಾರೆ.

ಇದನ್ನು ಬರೆಯುವಾಗ ಡಾನ್ ಬೋಸ್ಕೊರವರಿಗೆ ದುಃಖವಿತ್ತು. ತಾವು ಕಟ್ಟಿದ ಮನೆಯಲ್ಲೇ ತಮ್ಮ ಪದ್ಧತಿ ಸಡಿಲವಾಗುತ್ತಿದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ, ಎಲ್ಲರಿಗೂ ತಿಳಿಯುವಂತೆ ಬರೆದರು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಾರೆ ಎಂಬುದು ಮಕ್ಕಳಿಗೆ ತಿಳಿಯಬೇಕು ಎಂಬುದು ಆ ಪತ್ರದ ಸಾರ. ನಂಬಿಕೆ ಇಲ್ಲದ ಕಡೆ ಮಗು ಬಾಯಿ ಬಿಡುವುದಿಲ್ಲ. ಮಗು ಬಾಯಿ ಬಿಡದ ಕಡೆ ಕೆಡುಕು ಬೆಳೆಯುತ್ತದೆ.

1888ರ ಜನವರಿ 31ರ ಮುಂಜಾನೆ ವಾಲ್ದೊಕ್ಕೊದಲ್ಲಿ ಡಾನ್ ಬೋಸ್ಕೊ ಕೊನೆಯುಸಿರೆಳೆದರು. ಪೋಪ್ ಹನ್ನೊಂದನೆಯ ಪಿಯುಸ್‌ರವರು 1929ರಲ್ಲಿ ಅವರನ್ನು ಪುನೀತರೆಂದೂ, 1934ರ ಏಪ್ರಿಲ್ 1ರ ಪಾಸ್ಕ ಹಬ್ಬದಂದು ಸಂತರೆಂದೂ ಘೋಷಿಸಿದರು. ಅವರ ಸಭೆಯವರು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ಸೇವೆ ಆರಂಭಿಸಿದರು. ಬೆಂಗಳೂರಿನಲ್ಲಿ ಬೀದಿಮಕ್ಕಳ ನಡುವೆಯೂ ಅವರ ಹೆಸರಿನ ಸೇವೆ ನಡೆದಿದೆ.

ನಮ್ಮ ಮೈದಾನಗಳಿಗೆ ಪಾಠ

ಸಂತರ ಹೆಸರಿದ್ದರೆ ಮಕ್ಕಳು ಸುರಕ್ಷಿತ ಎಂದು ತಿಳಿದರೆ ಅದು ನಮ್ಮ ತಪ್ಪು. ಆಸ್ಟ್ರೇಲಿಯದಲ್ಲಿ 2013ರಿಂದ 2017ರವರೆಗೆ ನಡೆದ ರಾಯಲ್ ಕಮಿಷನ್ ತನಿಖೆಯಲ್ಲಿ ಅನೇಕ ಧಾರ್ಮಿಕ ಸಭೆಗಳ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ದೌರ್ಜನ್ಯ ನಡೆದ ದೂರುಗಳು ಹೊರಬಂದವು. ಡಾನ್ ಬೋಸ್ಕೊರವರ ಸಭೆಯೂ ಅದರಲ್ಲಿತ್ತು. ಇದನ್ನು ಹೇಳಲು ನೋವಾಗುತ್ತದೆ. ಹೇಳದಿದ್ದರೆ 1884ರ ಪತ್ರ ಬರೆದವರಿಗೆ ನಾವು ಅನ್ಯಾಯ ಮಾಡಿದಂತೆ. ಫುಟ್ಬಾಲ್ ಲೋಕವೂ ಹೊರತಲ್ಲ. ಇಂಗ್ಲೆಂಡಿನಲ್ಲಿ 2016ರ ನವೆಂಬರ್‌ನಲ್ಲಿ ಮಾಜಿ ಆಟಗಾರರೊಬ್ಬರು ಬಾಲ್ಯದಲ್ಲಿ ಕೋಚ್‌ನಿಂದ ತಮಗಾದ ದೌರ್ಜನ್ಯವನ್ನು ಹೇಳಿಕೊಂಡ ಮೇಲೆ ನೂರಾರು ಮಂದಿ ಮುಂದೆ ಬಂದರು. 2021ರಲ್ಲಿ ಪ್ರಕಟವಾದ ಸ್ವತಂತ್ರ ವರದಿಯ ಪ್ರಕಾರ ಕನಿಷ್ಠ 692 ಮಂದಿ ಸಂತ್ರಸ್ತರು, 240 ಮಂದಿ ಶಂಕಿತರು. ಆ ಕೋಚ್‌ಗಳಲ್ಲಿ ಕೆಲವರು ಊರಿಗೆಲ್ಲ ಬೇಕಾದವರು, ಹೆತ್ತವರ ಮನೆಯಲ್ಲಿ ಊಟ ಮಾಡುತ್ತಿದ್ದವರು. ನಂಬಿಕೆಯೇ ಅವರಿಗೆ ದಾರಿಯಾಗಿತ್ತು.

ಆದುದರಿಂದ ನಮ್ಮ ಧರ್ಮಕೇಂದ್ರದ ತಂಡಗಳು, ಶಿಬಿರಗಳು ಈ ಕೆಲವು ವಿಷಯಗಳನ್ನು ಬರೆದು, ಓದಿ ಹೇಳಿ, ಕೋಚ್, ಹೆತ್ತವರು, ಮಕ್ಕಳು ಎಲ್ಲರಿಂದ ಸಹಿ ಪಡೆಯುವುದು ಒಳ್ಳೆಯದು.

1. ತರಬೇತಿ ನಡೆಯುವಾಗ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು. ಹೆಣ್ಣುಮಕ್ಕಳ ತಂಡವಿದ್ದರೆ ಒಬ್ಬರು ಮಹಿಳೆ ಇರಲೇಬೇಕು. ಕೊನೆಯ ಮಗುವನ್ನು ಕರೆದೊಯ್ಯಲು ಮನೆಯವರು ಬರುವವರೆಗೆ ಇಬ್ಬರೂ ನಿಲ್ಲಬೇಕು.

2. ಹೊಸ ಕೋಚ್ ಬಂದಾಗ ಹಿಂದೆ ಇದ್ದ ಕಡೆಯಿಂದ ವಿಚಾರಿಸಿ ತಿಳಿಯಬೇಕು. ಪರಿಚಯದವರು ಎಂಬುದು ವಿಚಾರಣೆಗೆ ಬದಲಿಯಲ್ಲ.

3. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೊಬೈಲ್ ಬಳಸಕೂಡದು. ದೊಡ್ಡವರು ಮಕ್ಕಳೊಂದಿಗೆ ಅಲ್ಲಿ ಬಟ್ಟೆ ಬದಲಿಸಕೂಡದು.

4. ಒಂದೇ ಮಗುವನ್ನು ಒಬ್ಬನೇ ದೊಡ್ಡವನು ವಾಹನದಲ್ಲಿ ಕರೆದೊಯ್ಯಬಾರದು. ಹೊರ ಊರಿನ ಪಂದ್ಯಕ್ಕೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು.

5. ಕೋಚ್ ಮಗುವಿಗೆ ಖಾಸಗಿಯಾಗಿ ಸಂದೇಶ ಕಳುಹಿಸಬಾರದು. ಹೆತ್ತವರೂ ಇರುವ ಗುಂಪಿನಲ್ಲಿ ಮಾತ್ರ ತಿಳಿಸಬೇಕು. ಒಬ್ಬ ಮಗುವಿಗೆ ಮಾತ್ರ ಗುಟ್ಟಾಗಿ ಉಡುಗೊರೆ ಕೊಡಬಾರದು.

6. ಹೊಡೆತ, ಬೈಗುಳ, ಬಣ್ಣ ಅಥವಾ ಜಾತಿ ಹಿಡಿದು ಹಂಗಿಸುವುದು, ಸುಸ್ತಾಗಿ ಬೀಳುವವರೆಗೆ ಓಡಿಸುವುದು ತರಬೇತಿಯಲ್ಲ. ಬುದ್ಧಿ ಹೇಳಬೇಕಾದರೆ ಬದಿಗೆ ಕರೆದು, ಎಲ್ಲರಿಗೂ ಕಾಣುವ ಜಾಗದಲ್ಲೇ ಹೇಳಬೇಕು.

7. ತೊಂದರೆಯಾದರೆ ಯಾರಿಗೆ ಹೇಳಬೇಕು ಎಂಬುದು ಮಕ್ಕಳಿಗೆ ಗೊತ್ತಿರಬೇಕು. ಆ ವ್ಯಕ್ತಿಯ ಹೆಸರನ್ನೂ ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನೂ ಮೈದಾನದ ಬಳಿ ಹಾಕಬೇಕು.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಮಗುವೊಂದು ಬಂದು ಹೇಳಿದರೆ ಶಾಂತವಾಗಿ ಕೇಳಬೇಕು, ನಂಬಬೇಕು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು. 2012ರ ಪೊಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ವರ್ಷದೊಳಗಿನ ಗಂಡು, ಹೆಣ್ಣು ಎಲ್ಲರೂ ಮಕ್ಕಳೇ. ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಅಥವಾ ನಡೆಯಬಹುದೆಂಬ ಭಯ ಇರುವವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ ಇದೆ. ತಮ್ಮ ಕೈಕೆಳಗಿನವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಧರ್ಮಕೇಂದ್ರದ ಗುರುಗಳಿಗೂ, ಗುರಿಕಾರರಿಗೂ, ಪಾಲನಾ ಪರಿಷತ್ತಿನವರಿಗೂ ಇದರಿಂದ ವಿನಾಯಿತಿ ಇಲ್ಲ. ಮೊದಲು ನಾವೇ ವಿಚಾರಿಸಿ ನೋಡೋಣ, ಮನೆಯವರ ಮರ್ಯಾದೆ ಉಳಿಸೋಣ ಎಂಬ ಪಂಚಾಯಿತಿಗೆ ಇಲ್ಲಿ ಜಾಗವಿಲ್ಲ. ಮಗುವಿನ ಹೆಸರನ್ನು ಎಲ್ಲಿಯೂ ಬಹಿರಂಗ ಮಾಡಬಾರದು. ಪೋಪ್ ಫ್ರಾನ್ಸಿಸ್‌ರವರು 2019ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ಕಟ್ಟಳೆಯೂ ಗುರುಗಳು ಮತ್ತು ಧಾರ್ಮಿಕರು ಇಂಥ ವಿಷಯವನ್ನು ತಿಳಿದೊಡನೆ ವರದಿ ಮಾಡಬೇಕೆಂದು ವಿಧಿಸುತ್ತದೆ.

ನಿಸ್ವಾರ್ಥವಾಗಿ ದುಡಿಯುವ ಕೋಚ್‌ಗಳು ಈ ನಿಯಮಗಳನ್ನು ಅವಮಾನ ಎಂದು ತಿಳಿಯಬಾರದೆಂದು ನಮ್ಮ ವಿನಂತಿ. ಇಬ್ಬರು ಇರುವ ಕಡೆ ಸುಳ್ಳು ಆರೋಪಕ್ಕೂ ಎಡೆಯಿಲ್ಲ. ಗೋಲ್ ಕಂಬವನ್ನು ನೆಡುವುದು ಆಟಗಾರನ ಮೇಲಿನ ಸಂಶಯದಿಂದಲ್ಲ. ಅದಿಲ್ಲದೆ ಆಟವೇ ನಡೆಯುವುದಿಲ್ಲ. ಬಡಗಿಯ ಮುಂದೆ ಕರಾರು ಪತ್ರ ಇಟ್ಟು ಸಹಿ ಕೇಳಿದ ಡಾನ್ ಬೋಸ್ಕೊ ತಾವೂ ಅದೇ ಪತ್ರಕ್ಕೆ ಸಹಿ ಹಾಕಿದರು. ಧರ್ಮಕೇಂದ್ರದ ಗುರುಗಳೇ ಮೊದಲ ಸಹಿ ಹಾಕಿದರೆ ಉಳಿದವರಿಗೆ ಸಂಕೋಚವಾಗದು.

ಮುಂದಿನ ಭಾನುವಾರ ಧರ್ಮೋಪದೇಶ ತರಗತಿ ಮುಗಿದು ಮಕ್ಕಳು ಚೆಂಡು ಹಿಡಿದು ಅಂಗಳಕ್ಕೆ ಓಡುವಾಗ ಹಿರಿಯರಾದ ನಾವು ಒಂದು ಸಲ ಸುತ್ತ ನೋಡೋಣ. ಅವರ ಜೊತೆ ಯಾರಿದ್ದಾರೆ, ಎಷ್ಟು ಮಂದಿ ಇದ್ದಾರೆ, ಮೂಲೆಯಲ್ಲಿ ಒಬ್ಬನೇ ನಿಂತ ಮಗು ಯಾವುದು ಎಂದು ಕೇಳಿಕೊಳ್ಳೋಣ. 1841ರ ಆ ಹಬ್ಬದ ದಿನ ಡಾನ್ ಬೋಸ್ಕೊ ಮಾಡಿದ್ದು ಇಷ್ಟೇ: ಮೂಲೆಯಲ್ಲಿದ್ದ ಹುಡುಗನನ್ನು ನೋಡಿದರು, ಅವನಿಗೆ ಬಿದ್ದ ಏಟನ್ನು ನೋಡಿಯೂ ನೋಡದಂತೆ ಇರಲಿಲ್ಲ. ಯುವಜನರ ಪಾಲಕರಾದ ಸಂತ ಜಾನ್ ಬೋಸ್ಕೊರವರು ನಮ್ಮ ಮಕ್ಕಳಿಗಾಗಿ, ಅವರ ಜೊತೆಗಿರುವ ಎಲ್ಲರಿಗಾಗಿ ಪ್ರಾರ್ಥಿಸಲಿ.